ಅಮ್ಮನ ಏಳು ದಿನ

ಸಾಯುವುದಕ್ಕೆ ಯಾರಾದರೂ ದಿನ ನೋಡುತ್ತಾರೆಯೇ? ನೋಡುವುದಿಲ್ಲ, ಒಪ್ಪಿದೆ. ಆದರೆ ಫ್ರೇಹಾ ಮುದುಕಿ ತನ್ನ ಸಾವಿನ ಮೇಲೆ ಅಷ್ಟೊಂದು ಆಸೆ ಕಟ್ಟಿಕೊಂಡಿದ್ದವಳು. ಅಂಥವಳು ಸ್ವಲ್ಪ ಹಿಂದೆ ಮುಂದೆ ನೋಡಬಾರದಿತ್ತೇ? ಹದಿನೈದು ದಿನ ಮೊದಲೇ ಹೋಗಿದ್ದರೂ ಆಗುತ್ತಿತ್ತು. ಹಬ್ಬ ಕಳೆದ ಮೇಲೆ ಹೋಗಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಅದೆಲ್ಲ ಬಿಟ್ಟು ಯಹೂದಿಗಳ ಪಸ್ಕ ಹಬ್ಬದ ಮುನ್ನಾದಿನ, ಮರಳುಗಾಡಿನ ಯೆರುಹಾಮ್ ಊರಿನ ಜನರೆಲ್ಲ ಹಬ್ಬಕ್ಕೆ ಇರಬಾರದೆಂದು ಮನೆಯಲ್ಲಿ ಉಳಿದ ರೊಟ್ಟಿ ಚೂರುಗಳನ್ನು ಅಂಗಳಕ್ಕೆ ತಂದು ಸುಡುತ್ತಿದ್ದ ಬೆಳಗಿನ ಹೊತ್ತಿಗೆ, ಕಿಟಕಿಯ ಪಕ್ಕದ ಮಂಚದಲ್ಲಿ ಒಂದು ಸಲ ನಿಟ್ಟುಸಿರುಬಿಟ್ಟು ಹೋಗಿಬಿಟ್ಟಳು.

ಮಗಳು ಪೆರ್ಲಾ ಮೇಲಿನ ಮಹಡಿಯ ತನ್ನ ಮನೆಯಿಂದ ಕಾಫಿ ತಂದಾಗ ಅಮ್ಮನ ಕೈ ಇನ್ನೂ ಬೆಚ್ಚಗಿತ್ತು. ಪೆರ್ಲಾ ಲೋಟ ಕೆಳಗಿಟ್ಟಳು. ಅಮ್ಮನ ಕಣ್ಣು ಮುಚ್ಚಿಸಿದಳು. ಸಾವಿನ ಮನೆಯ ಪದ್ಧತಿಯಂತೆ ಗೋಡೆಯ ಕನ್ನಡಿಗೆ ಬಟ್ಟೆ ಹೊದಿಸಿದಳು. ಆಮೇಲೆ ಅವಳ ಬಾಯಿಂದ ಬಂದದ್ದು ಅಳು ಅಲ್ಲ, ಜಗಳ.

"ಇವತ್ತೇ ಯಾಕಮ್ಮ? ಇವತ್ತೇ ಯಾಕೆ ಹೋದೆ?"

ಅಮ್ಮನ ಲೆಕ್ಕಾಚಾರ ಹೀಗಿತ್ತು. ಅವಳಿಗಿದ್ದದ್ದು ಇಬ್ಬರೇ ಮಕ್ಕಳು, ಪೆರ್ಲಾ ಮತ್ತು ಅವಳ ತಮ್ಮ ಆರ್ಮಾನ್. ಆರ್ಮಾನ್ ಹೈಫಾ ಬಂದರಿನಲ್ಲಿ ಕ್ರೇನ್ ಓಡಿಸುವವನು. ಅಕ್ಕ ತಮ್ಮ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಮುದುಕಿ ಬೈದು ನೋಡಿದಳು, ಅತ್ತು ನೋಡಿದಳು, ಒಮ್ಮೆ ಕಾಯಿಲೆ ಅಂತ ಸುಳ್ಳು ಹೇಳಿ ಇಬ್ಬರನ್ನೂ ಒಂದೇ ದಿನ ಕರೆಸಿಯೂ ನೋಡಿದಳು. ಅವನು ಕೆಳಗಿನ ಮನೆಗೆ ಬಂದರೆ ಇವಳು ಮೇಲಿನ ಮನೆಯಿಂದ ಇಳಿಯಲಿಲ್ಲ. ಕೊನೆಗೆ ಮುದುಕಿ ಕೈ ಚೆಲ್ಲಿ, ಎಲ್ಲ ಭಾರವನ್ನೂ ತನ್ನ ಸಾವಿನ ಮೇಲೆ ಹಾಕಿದಳು.

"ನಾನು ಸತ್ರೆ ಇಬ್ರೂ ಒಂದೇ ಹಾಸಿಗೆ ಮೇಲೆ ಕೂರ್ಲೇಬೇಕಲ್ಲ," ಅನ್ನುತ್ತಿದ್ದಳು. "ಏಳು ದಿನ ದುಃಖಕ್ಕೆ ಕೂರೋದು. ಸ್ನಾನ ಇಲ್ಲ, ಕೆಲಸ ಇಲ್ಲ, ಹೊಸ್ತಿಲು ದಾಟೋ ಹಾಗಿಲ್ಲ. ಎಷ್ಟೂಂತ ಮುಖ ತಿರುಗಿಸ್ಕೊಂಡಿರ್ತೀರಿ? ಮೂರನೇ ದಿನಕ್ಕೆ ಕತ್ತು ನೋಯತ್ತೆ, ನಾಲ್ಕನೇ ದಿನ ಈ ಕಡೆ ತಿರುಗ್ತೀರಿ. ಬದುಕಿದ್ದು ಮಾಡಕ್ಕಾಗದ್ದನ್ನ ಸತ್ತು ಮಾಡ್ತೀನಿ, ನೋಡ್ತಿರು."

"ಸುಮ್ನಿರಮ್ಮ, ಹೊತ್ತಲ್ಲದ ಹೊತ್ತಲ್ಲಿ ಎಂಥ ಮಾತಾಡ್ತೀಯ," ಅಂತ ಪೆರ್ಲಾ ಗದರುತ್ತಿದ್ದಳು. ಆದರೆ ಒಳಗೊಳಗೇ ಆ ಏಳು ದಿನಗಳ ಮೇಲೆ ಅವಳೂ ಕಣ್ಣಿಟ್ಟಿದ್ದಳು. ಅಮ್ಮ ಸಾಯಲಿ ಅಂತಲ್ಲ, ದೇವರಾಣೆ ಹಾಗಲ್ಲ. ಆದರೆ ಆ ಏಳು ದಿನ ಬಿಟ್ಟರೆ ತಮ್ಮನ ಮುಂದೆ ಕೂರುವುದಕ್ಕೆ ಅವಳಿಗೆ ಬೇರೆ ದಾರಿಯೇ ಉಳಿದಿರಲಿಲ್ಲ.

ಜಗಳಕ್ಕೆ ಕಾರಣವಾದದ್ದು ಒಂದು ಶನಿವಾರ. ಪೆರ್ಲಾ ಸಬ್ಬತ್ ಪಾಲಿಸುವವಳು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ನಕ್ಷತ್ರ ಕಾಣುವ ತನಕ ಒಲೆ ಹೊತ್ತಿಸುವುದಿಲ್ಲ, ದೀಪದ ಗುಂಡಿ ಮುಟ್ಟುವುದಿಲ್ಲ, ಫೋನಂತೂ ಕೇಳಲೇಬೇಡಿ. ಆರ್ಮಾನ್‌ಗೆ ಇದೆಲ್ಲ ನಗುವ ವಿಷಯ. ಒಂದೆರಡು ಸಲ ಬೇಕೆಂದೇ ಶನಿವಾರ ಫೋನ್ ಮಾಡಿ, ಅದು ಬಡಿದುಕೊಂಡು ಬಡಿದುಕೊಂಡು ನಿಂತ ಮೇಲೆ, ಭಾನುವಾರ ಮತ್ತೆ ಮಾಡಿ, "ಏನಕ್ಕ, ಆಕಾಶ ಬಿದ್ದು ಹೋಯ್ತಾ?" ಅಂತ ಕಾಲೆಳೆದಿದ್ದ. ಇವಳೂ ನಕ್ಕು ಬೈದಿದ್ದಳು.

ಆ ಶನಿವಾರ ಮಧ್ಯಾಹ್ನ ಮತ್ತೆ ಫೋನ್ ಬಡಿದುಕೊಂಡಿತು. ಆ ಊರಲ್ಲಿ, ಆ ಮನೆಗೆ, ಶನಿವಾರ ಫೋನ್ ಮಾಡುವವನು ಲೋಕದಲ್ಲಿ ಅವನೊಬ್ಬನೇ ಅಂತ ಅವಳಿಗೆ ಗೊತ್ತಿತ್ತು. "ಶುರುವಾಯ್ತು ನಿನ್ನ ತಮ್ಮಂದು," ಅಂದ ಗಂಡ ಮಖ್ಲೂಫ್. ನಿಂತಿತು. ಮತ್ತೆ ಬಡಿದುಕೊಂಡಿತು. ಮತ್ತೆ ನಿಂತು, ಮತ್ತೆ. ಊಟದ ಮೇಜಿಗೆ ನೆಂಟರು ಬಂದಿದ್ದರು, ಪೆರ್ಲಾಗೆ ನಾಚಿಕೆಯಾಯಿತು. ಎದ್ದು ಹೋಗಿ ಫೋನಿನ ಮೇಲೆ ಒಂದು ದಿಂಬು ಇಟ್ಟು ಬಂದಳು.

ಸಂಜೆ ನಕ್ಷತ್ರ ಕಂಡ ಮೇಲೆ ಬೈಯುವುದಕ್ಕೆಂದೇ ಅವನ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಬೇರೆ ಯಾರೋ ಹೆಂಗಸು. ಆರ್ಮಾನ್‌ನ ಹೆಂಡತಿ ಗಾಲಿತ್ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಹಿಂದಿನ ದಿನದ ತನಕ ನೆಟ್ಟಗಿದ್ದವಳು, ಮೆದುಳಲ್ಲಿ ರಕ್ತನಾಳ ಒಡೆದು ಹೋಗಿಬಿಟ್ಟಿದ್ದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಒಬ್ಬನೇ ಕೂತು ಅವನು ಅಕ್ಕನಿಗೆ ಫೋನ್ ಮಾಡಿದ್ದ.

ಪೆರ್ಲಾ ಹೈಫಾಕ್ಕೆ ಓಡಿದಳು. ದುಃಖದಲ್ಲಿ ಕೂತವರು ತಾವಾಗಿ ಬಾಯಿ ಬಿಡುವವರೆಗೆ ನೋಡಲು ಬಂದವರು ಮಾತಾಡಬಾರದು, ಅದು ಅವರ ಪದ್ಧತಿ. ಅವನು ಬಂದವರಿಗೆಲ್ಲ ಒಂದೊಂದು ಮಾತು ಆಡಿದ, ಇವಳಿಗೆ ಆಡಲಿಲ್ಲ. ಅವನು ಆಡದೆ ಇವಳು ಆಡುವ ಹಾಗಿಲ್ಲ. ಇಡೀ ದಿನ ಎದುರಿಗೆ ಕೂತು, ತುಟಿ ಬಿಗಿಹಿಡಿದು, ಬಂದ ಬಸ್ಸಿನಲ್ಲೇ ವಾಪಸು ಬಂದಳು. ಆಮೇಲೆ ಮಾಡಿದ ಫೋನುಗಳನ್ನು ಅವನು ಎತ್ತಲಿಲ್ಲ. ಕೊಂಚ ಕಾಲದ ಮೇಲೆ ಇವಳೂ ಮಾಡುವುದು ಬಿಟ್ಟಳು. ಊರಿನ ಧರ್ಮಗುರು ರಬ್ಬಿಯ ಹತ್ತಿರ ಹೋಗಿ ಕೇಳಿದಾಗ, "ಯಾರದೋ ಜೀವಕ್ಕೆ ಅಪಾಯ ಅಂತ ಅನುಮಾನ ಬಂದಿದ್ದರೆ ಎತ್ತಬಹುದಿತ್ತಮ್ಮ. ನಿನಗೆ ಅನುಮಾನ ಬರಲಿಲ್ಲ. ನಿನ್ನ ತಪ್ಪೇನಿಲ್ಲ," ಅಂದರು. ತಪ್ಪಿದೆ ಅಂದಿದ್ದರೆ ಪ್ರಾಯಶ್ಚಿತ್ತವಾದರೂ ಮಾಡಿಕೊಳ್ಳಬಹುದಿತ್ತು. ತಪ್ಪೇ ಇಲ್ಲ ಅಂದಮೇಲೆ ಏನು ಮಾಡುವುದು?

ಹೀಗೆ ಉಳಿದಿದ್ದದ್ದು ಅಮ್ಮನ ಏಳು ದಿನ. ಒಂದೇ ಹಾಸಿಗೆಯ ಮೇಲೆ ಇಬ್ಬರೂ ದುಃಖಿಗಳೇ, ಯಾರು ಮೊದಲು ಬಾಯಿ ಬಿಟ್ಟರೂ ತಪ್ಪಿಲ್ಲ. ಒಂದಲ್ಲ ಒಂದು ದಿನ, ಜನ ಕರಗಿದ ಹೊತ್ತಿನಲ್ಲಿ, 'ಆವತ್ತು ನೀನು ತಮಾಷೆ ಮಾಡ್ತಿದ್ದೀಯ ಅನ್ಕೊಂಡೆ ಕಣೋ' ಅನ್ನುವ ಒಂದು ಮಾತು ಹೇಳಿಬಿಡಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಈಗ ಸಾವಿನ ಸುದ್ದಿ ತಿಳಿದು ರಬ್ಬಿ ಅಸೂಲಿನ್ ಬಂದರು. ಕೈಯಲ್ಲಿ ಇನ್ನೂ ರೊಟ್ಟಿ ಸುಟ್ಟ ಹೊಗೆಯ ವಾಸನೆ. ಪ್ರಾರ್ಥನೆ ಹೇಳಿ, ಕುರ್ಚಿ ಎಳೆದುಕೊಂಡು ಕೂತು, "ಮಧ್ಯಾಹ್ನವೇ ಮಣ್ಣು ಮಾಡಿಬಿಡೋಣ," ಅಂದರು. "ಸೂರ್ಯ ಮುಳುಗೋಕೆ ಮುಂಚೆ ಒಂದು ಗಳಿಗೆ ಕೂತರೂ ಸಾಕು. ಹಬ್ಬ ಬಂದು ಉಳಿದ ದಿನಗಳನ್ನ ಕಡಿದುಹಾಕತ್ತೆ. ಏಳೂ ದಿನ ಕೂತ ಹಾಗೇ ಲೆಕ್ಕ."

"ಗೊತ್ತು," ಅಂದಳು ಪೆರ್ಲಾ. ಬೆಳಿಗ್ಗೆ ಅಮ್ಮನ ಜೊತೆ ಜಗಳಕ್ಕೆ ನಿಂತದ್ದೂ ಅದಕ್ಕೇ.

"ಎಷ್ಟೋ ಜನ ಇದನ್ನ ಅನುಕೂಲ ಅಂತಾರೆ."

"ನಂಗೆ ಅನುಕೂಲ ಬೇಡ ರಬ್ಬಿ. ನಾಡಿದ್ದು ಮಣ್ಣು ಮಾಡಿದ್ರೆ?"

ರಬ್ಬಿ ಹುಬ್ಬೇರಿಸಿದರು. "ನಾಡಿದ್ದು ವಾರದುದ್ದದ ಹಬ್ಬದ ನಡುವಿನ ದಿನ. ಆಗ ಮಣ್ಣು ಮಾಡಿದರೆ ಹಬ್ಬ ಮುಗಿದ ಮೇಲೆ ಕೂರೋದು ಶುರು, ಏಳಕ್ಕೆ ಏಳೂ ಕೂರಬೇಕು. ಆದರೆ ಸುಮ್ಮಸುಮ್ಮನೆ ಹೆಣ ಕಾಯಿಸಬಾರದಮ್ಮ, ಸತ್ತವರಿಗೆ ಅವಮಾನ. ಮಗ ದೂರದಿಂದ ಬರಬೇಕು, ಹೊತ್ತಿಗೆ ಮುಟ್ಟಲ್ಲ ಅಂದರೆ ಮಾತ್ರ ಕಾಯಬಹುದು. ಅವನನ್ನ ಕೇಳು."

ಅವನನ್ನು ಕೇಳು! ಹೇಳುವುದು ಸುಲಭ. ಪೆರ್ಲಾ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಮಸೂದಾಳ ಮುಖ ನೋಡಿದಳು. ಮಸೂದಾ ಅಮ್ಮನ ತಂಗಿ. ಮನಸ್ಸು ಬೆಣ್ಣೆ, ಬಾಯಿ ಮಾತ್ರ ತೂತು ಮಡಕೆ. ಬೆಳಿಗ್ಗೆ ಒಂದು ಮಾತು ಹಾಕಿದರೆ ಸಂಜೆಗೆ ಊರೆಲ್ಲ ಒದ್ದೆ. ಅವಳಿಗೆ ನಿಜವಾದ ಕಾರಣ ಹೇಳುವ ಹಾಗಿರಲಿಲ್ಲ. 'ಅಮ್ಮನ ಹೆಣ ಇಟ್ಟುಕೊಂಡು ತಮ್ಮನ ಜೊತೆ ರಾಜಿ ಮಾಡ್ಕೊಳ್ಳೋಕೆ ಹೊರಟಿದ್ದಾಳೆ' ಅಂತ ಮೂರು ಬೀದಿಯಲ್ಲಿ ಆಡಿಕೊಂಡಾರು.

"ಚಿಕ್ಕಮ್ಮ, ಅವನಿಗೆ ಫೋನ್ ಮಾಡು. ಹಬ್ಬದ ದಿನ ದಾರೀಲಿ ಗಾಡಿ ಜಾಸ್ತಿ ಇರತ್ತೆ, ಅವಸರ ಮಾಡ್ಕೊಂಡು ಬರೋದು ಬೇಡ, ನಾಡಿದ್ದು ಮಣ್ಣು ಮಾಡಿದ್ರೂ ನಡೆಯತ್ತೆ ಅಂತ ಹೇಳು."

ಮಸೂದಾ ಮೆಟ್ಟಿಲ ಹತ್ತಿರ ನಿಂತು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಫೋನಿನಲ್ಲಿ ಅತ್ತಳು, ಅಕ್ಕನ ಗುಣಗಾನ ಮಾಡಿದಳು, ಕೊನೆಗೆ, "ನಿನ್ನಕ್ಕ ನಿಧಾನಕ್ಕೆ ಬಾ ಅಂತಿದಾಳಪ್ಪ. ಇವತ್ತು ಬರದಿದ್ರೂ ನಡೆಯತ್ತಂತೆ," ಅಂದಳು. ಆ ಕಡೆಯ ಮಾತು ಕೇಳಿಸಿಕೊಂಡಳು. ಒಳಗೆ ಬಂದು ವರದಿ ಒಪ್ಪಿಸಿದಳು.

"ಈಗ್ಲೇ ಹೊರಟೆ ಅಂದ. ಇವತ್ತೇ ಆಗ್ಬೇಕಂತೆ. ಒಂದು ದಿನವೂ ಹಾಳಾಗಬಾರದು, ಅಕ್ಕನಿಗೆ ಹೇಳು ಅಂದ."

ಪೆರ್ಲಾಗೆ ಎದೆಗೆ ಒದ್ದ ಹಾಗಾಯಿತು. ಅಪ್ಪ ಸತ್ತಾಗ ಅವನೂ ಕೂತವನು, ಎಲ್ಲ ಗೊತ್ತಿರುವವನು. ಇವತ್ತೇ ಮಣ್ಣು ಮಾಡಿದರೆ ಒಂದು ಗಂಟೆಯಲ್ಲಿ ಬಿಡುಗಡೆ ಅನ್ನುವುದು ತಿಳಿದೇ ಹೀಗಂದಿದ್ದಾನೆ. ನನ್ನ ಪಕ್ಕದಲ್ಲಿ ಕೂತು ಒಂದು ದಿನವೂ ಹಾಳು ಮಾಡಿಕೊಳ್ಳಲು ಇವನಿಗೆ ಇಷ್ಟವಿಲ್ಲ!

"ಆಯ್ತು," ಅಂದಳು. "ಅವನಿಗೆ ಹಾಗೇ ಬೇಕಿದ್ರೆ ಹಾಗೇ ಆಗ್ಲಿ. ರಬ್ಬಿ, ಇವತ್ತೇ ಮಾಡ್ಸಿ."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಇಲ್ಲಿ ದೈವ ಪಾಪ ಏನೂ ಬಗೆದಿರಲಿಲ್ಲ. ಎಲ್ಲವನ್ನೂ ಈ ಮನುಷ್ಯರೇ ಮಾಡಿಕೊಂಡರು.

ಆರ್ಮಾನ್ ಗಾಡಿಯನ್ನು ನೇರವಾಗಿ ಸ್ಮಶಾನಕ್ಕೇ ತಂದ. ತಲೆ ಪೂರ್ತಿ ನರೆತಿತ್ತು. ಪೆರ್ಲಾ ಅವನ ತಲೆ ನೋಡಿ ಒಂದು ಕ್ಷಣ ಎಲ್ಲ ಮರೆತಳು. ಆಮೇಲೆ ನೆನಪಿಸಿಕೊಂಡು ಬೇರೆ ಕಡೆ ನೋಡಿದಳು. ಮರಳುಗಾಡಿನ ಗಾಳಿ ಎದ್ದಿತ್ತು, ಕಣ್ಣಿಗೆಲ್ಲ ಧೂಳು. ರಬ್ಬಿ ಇಬ್ಬರ ಅಂಗಿಯ ಕೊರಳಪಟ್ಟಿಯನ್ನೂ ಪದ್ಧತಿಯಂತೆ ಹರಿದರು. ಆರ್ಮಾನ್ ಪ್ರಾರ್ಥನೆಯನ್ನು ಕಾಗದ ನೋಡಿಕೊಂಡು, ಚಿಕ್ಕ ಮಕ್ಕಳ ಹಾಗೆ ತಡವರಿಸುತ್ತ ಓದಿದ. ಮಣ್ಣು ಹಾಕುವವರು ಪದೇ ಪದೇ ಸೂರ್ಯನನ್ನು ನೋಡುತ್ತಿದ್ದರು. ಪಾಪ, ಅವರ ಮನೆಗಳಲ್ಲೂ ಹಬ್ಬ. ಜೀವಮಾನವಿಡೀ ಯಾರನ್ನೂ ಊಟ ಮಾಡಿಸದೆ ಕಳಿಸದಿದ್ದ ಫ್ರೇಹಾಳನ್ನು ಎಲ್ಲರೂ ಸೇರಿ ಲಗುಬಗೆಯಿಂದ ಕಳಿಸಿಕೊಟ್ಟರು.

ಕೆಳಗಿನ ಮನೆಯಲ್ಲಿ ಮಸೂದಾ ನೆಲದ ಮೇಲೆ ಹಾಸಿಗೆ ಹಾಸಿದ್ದಳು, ಒಂದೇ ಹಾಸಿಗೆ. ಇಬ್ಬರೂ ಚಪ್ಪಲಿ, ಶೂ ಬಿಟ್ಟು ಕೂತರು. ಆರ್ಮಾನ್ ಗಾಡಿಯಿಂದ ಒಂದು ದೊಡ್ಡ ಚೀಲ ತಂದು ಗೋಡೆಗೆ ಒರಗಿಸಿದ. ಅಮ್ಮನ ಸಾಮಾನು ತುಂಬಿಕೊಂಡು ಹೋಗೋಕೆ ಚೀಲ ಬೇರೆ ತಂದಿದಾನೆ, ಅಂದುಕೊಂಡಳು ಪೆರ್ಲಾ. ಸೂರ್ಯ ಮುಳುಗುವುದಕ್ಕೆ ಉಳಿದ ಹೊತ್ತು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಜನ ಬರುತ್ತಿದ್ದರು, ಹೋಗುತ್ತಿದ್ದರು. ಗಂಡಸರು ಆಗಲೇ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟಿದ್ದರು. ಹೆಂಗಸರ ಕೈಯಲ್ಲಿ ಹುರಿದ ಮಾಂಸದ, ಕೊತ್ತಂಬರಿಯ ವಾಸನೆ. ಬಾಗಿಲಲ್ಲೇ ನಿಂತು, "ಸ್ವರ್ಗದಿಂದ ಸಮಾಧಾನ ಬರಲಿ," ಅಂತ ಒಂದು ಮಾತು ಹೇಳಿ, ಅದರ ಹಿಂದೆಯೇ 'ಹಬ್ಬ ಚೆನ್ನಾಗಿರಲಿ' ಅನ್ನಲು ಹೋಗಿ, ನಾಲಿಗೆ ಕಚ್ಚಿಕೊಂಡು ಹೊರಡುತ್ತಿದ್ದರು.

"ಫ್ರೇಹಾ ಪುಣ್ಯವಂತೆ ಕಣ್ರೇ," ಅಂದಳು ಪಕ್ಕದ ಮನೆಯವಳು. "ಹಬ್ಬದ ಅಡುಗೆ ಮಾಡೋ ಕಷ್ಟ ತಪ್ಪಿಸ್ಕೊಂಡ್ಳು."

"ಅವಳೇ? ಮೇಲೆ ಹೋಗಿ ಮೊದಲು ಅಡುಗೆಮನೆ ಎಲ್ಲಿ ಅಂತ ಕೇಳಿರ್ತಾಳೆ," ಅಂದಳು ಮಸೂದಾ, ಅಳುತ್ತಲೇ.

ಆರ್ಮಾನ್ ನಕ್ಕ. ಸಣ್ಣ ನಗು, ಮೂಗಿನಲ್ಲಿ. ಪೆರ್ಲಾಗೂ ನಗು ಬಂತು, ಅದೇ ಥರದ್ದು, ಮನೆತನದ ನಗು. ಆ ಗಳಿಗೆಯಲ್ಲಿ ತಿರುಗಿ ನೋಡಿದ್ದರೆ ಆಗಿಹೋಗುತ್ತಿತ್ತು. ತಿರುಗಲಿಲ್ಲ. ಸೂರ್ಯ ಎದುರು ಮನೆಯ ನೀರಿನ ತೊಟ್ಟಿಯ ಹಿಂದಕ್ಕೆ ಇಳಿಯುತ್ತಿದ್ದ. ಅವಳು ಕಿಟಕಿಯಿಂದ ಕಣ್ಣು ಕೀಳದೆ ಆ ಸೂರ್ಯನನ್ನೇ ನೋಡುತ್ತಿದ್ದಳು. ನಾನು ಯಾಕೆ ಮೊದಲು ಆಡಲಿ? ಒಂದು ಗಂಟೆಯಲ್ಲಿ ಎದ್ದು ಓಡಲೆಂದೇ ಬಂದವನ ಮುಂದೆ ನಾನು ಯಾಕೆ ಅಂಗಲಾಚಲಿ?

ಆರ್ಮಾನ್ ಮಾತ್ರ ಕಿಟಕಿಯ ಕಡೆ ಒಮ್ಮೆಯೂ ನೋಡಲಿಲ್ಲ. ನಿರಾಳವಾಗಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದ. ಜನ ಕಡಿಮೆಯಾದ ಒಂದು ಹೊತ್ತಿನಲ್ಲಿ ತನ್ನ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ಅವಳ ಕಡೆ ಸರಿಸಿದ. ಪೆರ್ಲಾ ಲೋಟ ನೋಡಿದಳು. ಮುಟ್ಟಲಿಲ್ಲ. ಅವನು ಇರಲಿ ಬಿಡು ಅನ್ನುವ ಹಾಗೆ ತಲೆಯಾಡಿಸಿದ. ಆ ತಲೆಯಾಡಿಸಿದ್ದು ಕಂಡು ಅವಳಿಗೆ ಇನ್ನೂ ಸಿಟ್ಟು ಬಂತು.

ಬೆಳಕು ಹಳದಿಯಾಯಿತು. ಮೇಲಿನ ಮನೆಯಲ್ಲಿ ಮೊಮ್ಮಕ್ಕಳು ಕುರ್ಚಿ ಎಳೆದಾಡುವ ಸದ್ದು. ರಬ್ಬಿ ಅಸೂಲಿನ್ ಹೊಸ ಕೋಟು ಹಾಕಿಕೊಂಡು ಬಾಗಿಲಿಗೆ ಬಂದರು, ಮಖ್ಲೂಫ್ ಅವರ ಹಿಂದೆ.

"ಏಳಿ ಮಕ್ಕಳೇ," ಅಂದರು ರಬ್ಬಿ. "ಹಬ್ಬ ಬಂತು."

ಪೆರ್ಲಾ ಎದ್ದಳು. ಮಂಡಿ ಹಿಡಿದುಕೊಂಡಿತ್ತು, ಗೋಡೆ ಹಿಡಿದು ನಿಂತಳು. ಆರ್ಮಾನ್ ಕೂತೇ ಇದ್ದ.

"ಏಳಪ್ಪ ಆರ್ಮಾನ್."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಮುಗೀತು. ಮುಖ ತೊಳ್ಕೊ, ಶೂ ಹಾಕ್ಕೊ."

"ಇವತ್ತಿಂದು ಮುಗೀತಾ?"

"ಎಲ್ಲಾನೂ ಮುಗೀತು."

ಆರ್ಮಾನ್ ರಬ್ಬಿಯ ಮುಖ ನೋಡಿದ, ಮಸೂದಾಳ ಮುಖ ನೋಡಿದ. "ಏಳು ದಿನ ಅಲ್ವಾ?" ಅಂದ.

ಬಾಗಿಲ ಹೊರಗೆ ಯಾರೋ ಕಿಸಕ್ಕನೆ ನಕ್ಕರು. "ಹೈಫಾದಲ್ಲಿ ಹಬ್ಬಕ್ಕೂ ಕೂರ್ತಾರೋ ಏನೋ," ಅಂತ ಒಂದು ದನಿ. ಮಸೂದಾ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದು ಮುಂಡೇದೇ! ಹಬ್ಬ ಬಂದ್ರೆ ಕೂರೋದು ಬಿದ್ದುಹೋಯ್ತು ಕಣೋ! ಇಷ್ಟೂ ಗೊತ್ತಿಲ್ವಾ? ಗೊತ್ತಿದ್ದೇ ಇವತ್ತೇ ಆಗ್ಲಿ ಅಂದೆ ಅನ್ಕೊಂಡ್ವಲ್ಲೋ ನಾವು!"

"ಇವತ್ತೇ ಶುರುವಾಗ್ಲಿ ಅಂತ ಅಂದೆ ಚಿಕ್ಕಮ್ಮ." ಅವನ ದನಿ ಸಣ್ಣಗಾಗಿತ್ತು. "ಅಪ್ಪಂಗೆ ಏಳು ದಿನ ಕೂತಿದ್ವಿ. ಗಾಲಿತ್‌ಗೆ ಏಳು ದಿನ ಕೂತೆ. ಬಂದರಿನಲ್ಲಿ ರಜ ಹಾಕಿ ಬಂದಿದೀನಿ. ಬಟ್ಟೆ ತಂದಿದೀನಿ." ಯಾರೂ ನಂಬುವುದಿಲ್ಲ ಅನ್ನುವ ಹಾಗೆ ಚೀಲದ ಜಿಪ್ ಎಳೆದು ತೋರಿಸಿದ. ಒಳಗೆ ಮಡಿಸಿಟ್ಟ ಅಂಗಿಗಳು, ಕಾಲುಚೀಲ, ಹಲ್ಲುಜ್ಜುವ ಬ್ರಶ್ಶು, ಒಂದು ತಲೆದಿಂಬು.

ಎಲ್ಲರಿಗೂ ಗೊತ್ತಿರುವ ವಿಷಯವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಮೊರಾಕ್ಕೋದಿಂದ ಬಂದ ಮನೆಯ ಮಗನಿಗೆ, ರಬ್ಬಿಗಳ ಬೀದಿಯಲ್ಲಿ ಆಡಿ ಬೆಳೆದವನಿಗೆ, ಇದು ಗೊತ್ತಿಲ್ಲದೆ ಇದ್ದೀತು ಅಂತ ಯಾರ ತಲೆಗೆ ಹೊಳೆಯಬೇಕು? ಆದರೆ ಇಂಥದ್ದು ಗೊತ್ತಾಗುವುದು ತನ್ನ ಮನೆಯಲ್ಲಿ ನಡೆದಾಗಲೇ. ಅವನ ಮನೆಯ ಸಾವುಗಳೆಲ್ಲ ಹಬ್ಬವಿಲ್ಲದ ತಿಂಗಳುಗಳಲ್ಲಿ ಬಂದಿದ್ದವು.

ಅವನು ಮೊಟ್ಟಮೊದಲ ಸಲ ಅಕ್ಕನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

ಒಂಬತ್ತು ವರ್ಷದ ಮೇಲೆ ಅವನು ಆಡಿದ ಮೊದಲ ಮಾತು ಅದು.

"ಗೊತ್ತಿತ್ತು," ಅಂದಳು ಪೆರ್ಲಾ. "ಅದಕ್ಕೇ ನಾಡಿದ್ದು ಅಂತ ಹೇಳಿಸ್ದೆ. ನಾಡಿದ್ದಾದ್ರೆ ಪೂರ್ತಿ ಏಳು ದಿನ ಸಿಗ್ತಿತ್ತು."

"ನಿಧಾನಕ್ಕೆ ಬಾ ಅಂತ ಹೇಳಿಸಿದ್ಯಲ್ಲ. ನಾನು ಬರೋದೇ ಬೇಡ ನಿಂಗೆ ಅನ್ಕೊಂಡೆ."

"ಒಂದು ದಿನವೂ ಹಾಳಾಗಬಾರದು ಅಂದ್ಯಲ್ಲೋ. ನಾನೇನು ಅನ್ಕೊಳ್ಳಲಿ?"

"ಅಮ್ಮ ಫೋನ್ ಮಾಡ್ದಾಗೆಲ್ಲ ಹೇಳ್ತಿದ್ಲು. ನಂಗೊಂದು ಏಳು ದಿನ ಕೊಡು, ಆಮೇಲೆ ನಿನ್ನಿಷ್ಟ ಅಂತ. ಬೇಗ ಶುರುವಾದ್ರೆ ಒಳ್ಳೇದು ಅಂತ ಓಡಿಸ್ಕೊಂಡು ಬಂದೆ. ಆಗಿಂದ ಸುಮ್ನೆ ಕೂತಿದ್ದು..." ಅವನು ಬಾಗಿಲಲ್ಲಿದ್ದ ಜನರ ಕಡೆ ನೋಡಿದ. "ಮೊದಲನೇ ದಿನ ಜನ ಜಾಸ್ತಿ, ನಾಳೆ ಮಾತಾಡೋಣ ಅಂತ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೆರ್ಲಾ ಕಿಟಕಿ ನೋಡಿದಳು. ಸೂರ್ಯ ಮುಳುಗಿಹೋಗಿದ್ದ. ಈಗ ಹಬ್ಬ. ಹಬ್ಬದ ದಿನ ದುಃಖಕ್ಕೆ ಕೂರಬಾರದು, ಸಬ್ಬತ್ತಿನ ದಿನ ಫೋನ್ ಮುಟ್ಟಬಾರದ ಹಾಗೆಯೇ. ಈ ಅರವತ್ತು ವರ್ಷದಲ್ಲಿ ಇಂಥ ಒಂದು ಕಟ್ಟಳೆಯನ್ನೂ ಅವಳು ತಿಳಿದೂ ತಿಳಿದೂ ಮೀರಿದವಳಲ್ಲ.

ಪೆರ್ಲಾ ಹಾಸಿಗೆಯ ಮೇಲೆ ಮತ್ತೆ ಕೂತಳು.

"ಪೆರ್ಲಾ," ಅಂದರು ರಬ್ಬಿ. "ಹೀಗೆ ಕೂರೋ ಹಾಗಿಲ್ಲ ಈಗ. ನಿನಗೆ ಗೊತ್ತು."

"ಗೊತ್ತು ರಬ್ಬಿ."

"ಏನೇ ಇದು, ಮಕ್ಕಳು ಮೇಲೆ ಕಾಯ್ತಿದಾವೆ," ಅಂದ ಮಖ್ಲೂಫ್.

"ನೀವು ಹೋಗಿ ಊಟ ಮಾಡಿ. ನಾನು ಕೂರ್ತೀನಿ." ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. "ಆರ್ಮಾನ್, ಕೂತ್ಕೋ ಬಾ. ಅಮ್ಮ ಕೇಳಿದ ಏಳು ದಿನ ನಾವಿಬ್ರೂ ಕೊಡೋಣ. ಹಬ್ಬ ಬಂದ್ರೆ ಬರ್ಲಿ. ಪಾಪ ಬಂದ್ರೆ ನಂಗೇ ಬರ್ಲಿ. ಕೂತ್ಕೋ."

ಆರ್ಮಾನ್ ಹಾಸಿಗೆಯ ಕಡೆ ಬಗ್ಗಿದ. ಒಂದು ಮಂಡಿಯೂರಿದ. ಅವಳು ಕೈ ಚಾಚಿದಳು. ಅಲ್ಲಿಗೇ ಅವನು ತಡೆದುಬಿಟ್ಟ. ಬಂದರಿನಲ್ಲಿ ತೂಗುತ್ತಿರುವ ಹೊರೆಯನ್ನು ನೋಡುವವನ ಹಾಗೆ ಅವಳನ್ನೇ ನೋಡಿದ.

"ಹಂಗಾದ್ರೆ ನಿನ್ನ ಕೈಲಿ ಆಗತ್ತೆ," ಅಂದ.

"ಏನು?"

"ಕಟ್ಟಳೆ ಮುರಿಯೋಕೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ.

"ಇಷ್ಟು ವರ್ಷ ನಾನು ಹೇಗೆ ಸಮಾಧಾನ ಮಾಡ್ಕೊಂಡೆ ಗೊತ್ತಾ ಅಕ್ಕ?" ಬೈಯುತ್ತಿರಲಿಲ್ಲ ಅವನು. ಮೆಲ್ಲಗೆ, ತನಗೇ ಹೇಳಿಕೊಳ್ಳುವವನ ಹಾಗೆ ಹೇಳುತ್ತಿದ್ದ. "ಮೊದಮೊದ್ಲು ಸಿಟ್ಟಿತ್ತು. ಆಮೇಲೆ ಅನ್ಕೊಂಡೆ, ಅವಳು ಎತ್ತಲಿಲ್ಲ ಅಲ್ಲ, ಎತ್ತಕ್ಕೆ ಅವಳ ಕೈಲಿ ಆಗ್ತಿರ್ಲಿಲ್ಲ ಅಂತ. ಕುರುಡರಿಗೆ ಕಾಣಲ್ಲ, ಅವರ ಮೇಲೆ ಸಿಟ್ಟು ಮಾಡ್ಕೊಂಡು ಏನು ಬಂತು? ಹಾಗೆ. ನಮ್ಮಕ್ಕನ್ನ ಕಡಿದ್ರೂ ಸಬ್ಬತ್ ಮುರಿಯಲ್ಲ, ಅವಳಿರೋದೇ ಹಾಗೆ, ಅಂತ. ಅದನ್ನೇ ಹೇಳೋಕೆ ಬಂದಿದ್ದೆ. ನಾಳೆ ಹೇಳೋಣ ಅಂತಿದ್ದೆ."

"ಆರ್ಮಾನ್, ನೀನು ತಮಾಷೆಗೆ ಮಾಡ್ತಿದ್ದೀಯ ಅಂತ ಅವತ್ತು..."

"ಈಗ ಮುರಿದ್ಯಲ್ಲ. ರಬ್ಬಿ ಎದುರಿಗೇ, ಒಂದು ಗಳಿಗೇಲಿ." ಅವನ ಮುಖ ಕಿವುಚಿಕೊಂಡಿತು, ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. "ಅವತ್ತೂ ಮುರೀಬಹುದಿತ್ತು ಅಕ್ಕ. ನಾನು ಎಷ್ಟು ಸಲ ಮಾಡ್ದೆ."

ಅವಳ ಚಾಚಿದ ಕೈ ಹಾಗೇ ಇತ್ತು. ಅವನು ಅದನ್ನು ಹಿಡಿದ. ಹಿಡಿದು, ಮುದುಕರನ್ನು ಎಬ್ಬಿಸುವ ಹಾಗೆ ಹುಷಾರಾಗಿ ಅವಳನ್ನು ಎಬ್ಬಿಸಿ ನಿಲ್ಲಿಸಿದ. "ಏಳು. ಇವತ್ತು ಮುರಿದ್ರೆ ಯಾರಿಗೂ ಏನೂ ಉಪಯೋಗ ಇಲ್ಲ. ಸುಮ್ನೆ ನಿಂಗೆ ಪಾಪ." ಶೂ ಹಾಕಿಕೊಂಡ. ಚೀಲದ ಜಿಪ್ ಎಳೆದ.

ಮಸೂದಾ ಓಡಿ ಬಂದು ಅವನ ತೋಳು ಹಿಡಿದಳು. "ಹಬ್ಬದ ರಾತ್ರಿ ಎಲ್ಲಿಗೋ ಹೋಗ್ತೀಯ? ಮೇಲೆ ಬಾ, ಊಟ ಮಾಡು. ಅಮ್ಮನ ಕೈಯ ಸಾರಿದೆ ಕಣೋ, ನಿನ್ನೆ ಅವಳೇ ಮಾಡಿಟ್ಟಿದ್ದು."

"ಏಳು ದಿನ ಇರಕ್ಕೆ ಬಂದಿದ್ದೆ ಚಿಕ್ಕಮ್ಮ," ಅಂದ ಅವನು. "ಒಂದು ಊಟಕ್ಕಲ್ಲ."

ಜನ ಬಾಗಿಲಲ್ಲಿ ದಾರಿ ಬಿಟ್ಟರು. ಹೊರಗೆ ಗಾಡಿ ಶುರುವಾಯಿತು. ಹಬ್ಬದ ರಾತ್ರಿ ಆ ಬೀದಿಯಲ್ಲಿ ಗಾಡಿ ಓಡುವುದಿಲ್ಲವಾದ್ದರಿಂದ, ಅದು ದೊಡ್ಡ ರಸ್ತೆಗೆ ತಿರುಗುವ ತನಕ ಎಲ್ಲರಿಗೂ ಕೇಳಿಸಿತು. ರಬ್ಬಿ ತಲೆ ತಗ್ಗಿಸಿಕೊಂಡು ಪ್ರಾರ್ಥನೆಗೆ ಹೋದರು. ಮಸೂದಾ ಮೂಗು ಸೀಟುತ್ತ ಹಾಸಿಗೆ ಸುತ್ತಿದಳು.

ಮಖ್ಲೂಫ್ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಕಿವಿ ಮಂದ, ಪಾಪ.

"ಏನಂದ?" ಅಂತ ಕೇಳಿದ.

"ಇದ್ದದ್ದನ್ನೇ ಅಂದ," ಅಂದಳು ಪೆರ್ಲಾ.

ನಲ್ಲಿಯ ಕೆಳಗೆ ಮುಖ ತೊಳೆದಳು. ಹರಿದ ಅಂಗಿ ಬಿಚ್ಚಿ ಬೇರೆ ತೊಟ್ಟಳು. ಮೇಲೆ ಬಿಳಿ ಬಟ್ಟೆ ಹಾಸಿದ ಮೇಜಿನ ಸುತ್ತ ಮಕ್ಕಳು, ಮೊಮ್ಮಕ್ಕಳು ಅವಳಿಗಾಗಿ ಕಾಯುತ್ತಿದ್ದರು. ಅವಳ ಕಣ್ಣನ್ನೇ ನೋಡುತ್ತಿದ್ದರು, ಅಜ್ಜಿ ಅಳುತ್ತಾಳೋ ಏನೋ ಅಂತ. ಹಬ್ಬದ ದಿನ ಅಳಬಾರದು ಅಂತ ಕಟ್ಟಳೆ. ಅವಳು ಅಳಲಿಲ್ಲ. ಕೂತು, ಎಲ್ಲರಿಗೂ ಬಡಿಸಿದಳು.